ಕುಸುರೆಳ್ಳಿನ ಪರಾತದ ಮುಂದೆ ಎಳೆಯರ ಪಾಠ

ಬಾಗಲಕೋಟೆ: ಮಕರ ಸಂಕ್ರಮಣಕ್ಕೆ ಇನ್ನೂ ವಾರವಿರುವಾಗಲೇ ಈ ಭಾಗದ ಕೆಲವು ಮನೆಗಳಲ್ಲಿ ನಸುಕಿಗೆ ಇದ್ದಿಲ ಶೆಗಡಿ ಹೊತ್ತಿಕೊಳ್ಳುತ್ತದೆ. ಅದರ ಮೇಲೆ ಹಿತ್ತಾಳೆಯ ಪರಾತ, ಪರಾತದಲ್ಲಿ ಹದವಾಗಿ ಹುರಿದ ಬಿಳಿ ಎಳ್ಳು, ಪಕ್ಕದ ಬಟ್ಟಲಲ್ಲಿ ಸಕ್ಕರೆ ಪಾಕ. ಚಮಚದಷ್ಟು ಪಾಕ ಹಾಕಿ ಬೆರಳ ತುದಿಯಿಂದ ಆಡಿಸುತ್ತಾ ಹೋದಂತೆ ಎಳ್ಳಿನ ಮೈಮೇಲೆ ಬಿಳಿ ಮುಳ್ಳುಗಳು ಮೂಡುತ್ತವೆ. ಅದೇ ಕುಸುರು. ಅಜ್ಜಿಯ ಪಕ್ಕದಲ್ಲಿ ಕುಳಿತ ಮೂರು-ನಾಲ್ಕರ ಮಗು ‘ನಂಗೂ ಕೊಡು’ ಎಂದು ಕೈ ಚಾಚುವುದು ಇದೇ ಹೊತ್ತಿನಲ್ಲಿ.

ಈ ಕೈ ಚಾಚುವಿಕೆಗೆ ಈಗ ಹೊಸ ಹೆಸರು ಬಂದಿದೆ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುವ ನಗರದ ಪಾಲಕರು ಇದನ್ನು ‘ಸೆನ್ಸರಿ ಪ್ಲೇ’ ಎನ್ನುತ್ತಾರೆ. ಮುಟ್ಟಿ, ಮೂಸಿ, ಸವಿದು, ಸುರಿದು, ಹಿಸುಕಿ ಕಲಿಯುವ ಇಂದ್ರಿಯಾನುಭವದ ಆಟ ಎಂಬುದು ಇದರ ಅರ್ಥ. ಬಣ್ಣ ಹಾಕಿದ ಅಕ್ಕಿ, ಹಿಟ್ಟಿನ ಮುದ್ದೆ, ಚಳಿಗಾಲದ ಹಬ್ಬಕ್ಕೆಂದು ಹತ್ತಿಯ ಹಿಮ ಮತ್ತು ಕಾಗದದ ನಕ್ಷತ್ರ ತುಂಬಿದ ಪೆಟ್ಟಿಗೆಗಳು ಮಾರಾಟಕ್ಕೂ ಬಂದಿವೆ. ಹಿಮವನ್ನೇ ಕಾಣದ ಬಯಲುಸೀಮೆಯ ಮಗುವಿಗೆ ಹತ್ತಿಯ ಹಿಮವೇಕೆ ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಹತ್ತಿ ಬೆಳೆಯುವ ನಾಡಿನಲ್ಲಿ ಹತ್ತಿಯನ್ನು ಹತ್ತಿಯಾಗಿಯೇ ಬಿಡಿಸಬಹುದಲ್ಲ!

ವಿಚಾರವಂತೂ ಹೊಸದಲ್ಲ. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ ಅವರ ಪದ್ಧತಿ ನಿಂತಿರುವುದೇ ಇಂದ್ರಿಯಗಳ ತರಬೇತಿಯ ಮೇಲೆ. 1939ರಲ್ಲಿ ಅವರು ಭಾರತಕ್ಕೆ ಬಂದು ಮದರಾಸಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8ರವರೆಗಿನ ವಯಸ್ಸನ್ನು ಬುನಾದಿ ಹಂತವೆಂದು ಗುರುತಿಸಿ ಆಟವನ್ನೇ ಕಲಿಕೆಯ ದಾರಿಯಾಗಿಸಬೇಕೆಂದಿತು. ಇದೇ ವಯಸ್ಸಿನವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ‘ಜಾದೂಯಿ ಪಿಟಾರಾ’ ಎಂಬ ಆಟಿಕೆ-ಕಲಿಕೆಯ ಪೆಟ್ಟಿಗೆಯನ್ನು ಹೊರತಂದಿತು. ಬಾಗಲಕೋಟೆ ಜಿಲ್ಲೆಯ ಹಬ್ಬದ ಪಂಚಾಂಗ ನೋಡಿದರೆ ಅಂಥದೊಂದು ಪೆಟ್ಟಿಗೆ ಗೌರಿ ಹುಣ್ಣಿಮೆಯಿಂದ ರಥಸಪ್ತಮಿಯವರೆಗೆ ಇಲ್ಲಿ ತೆರೆದೇ ಇರುತ್ತದೆ.

ಎಳ್ಳು, ಪಾಕ ಮತ್ತು ಚಳಿ

ಕುಸುರೆಳ್ಳು ಒಂದು ದಿನದ ಕೆಲಸವಲ್ಲ. ಪಾಕ ಹೆಚ್ಚಾದರೆ ಎಳ್ಳು ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಉರಿ ಹೆಚ್ಚಾದರೆ ಸಕ್ಕರೆ ಬಣ್ಣ ತಿರುಗುತ್ತದೆ. ಪಾಕದ ನೀರು ಆರಿ ಸಕ್ಕರೆ ಮತ್ತೆ ಹರಳುಗಟ್ಟುವುದೇ ಕುಸುರು ಏಳುವುದರ ಒಳಗುಟ್ಟು. ಒಣ ಚಳಿಯಲ್ಲಿ ಇದು ಸಲೀಸು. ಮೋಡ ಕವಿದ ದಿನ ಕುಸುರು ಸರಿಯಾಗಿ ಏಳದು ಎಂಬ ಹಿರಿಯರ ಮಾತಿನ ಹಿಂದೆ ಇರುವುದೂ ಗಾಳಿಯ ತೇವದ ಲೆಕ್ಕವೇ. ದಿನಕ್ಕೆ ಒಂದಿಷ್ಟರಂತೆ ಮೂರು ನಾಲ್ಕು ದಿನ ಪಾಕ ಕುಡಿಸಿದ ಮೇಲೆ ಎಳ್ಳು ಜೋಳದ ಕಾಳಿನಷ್ಟು ದಪ್ಪಗಾಗುತ್ತದೆ.

ಇದರಲ್ಲಿ ಮಗುವಿನ ಪಾಲೇನು? ಮೊದಲಿಗೇ ಹೇಳಬೇಕಾದದ್ದು, ಕುದಿಯುವ ಸಕ್ಕರೆ ಪಾಕ ನೀರಿಗಿಂತ ಬಿಸಿ. ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಸುಟ್ಟಗಾಯವೂ ಆಳ. ಆದ್ದರಿಂದ ಶೆಗಡಿ ಉರಿಯುತ್ತಿರುವಷ್ಟು ಹೊತ್ತು ಮಗುವಿನ ಜಾಗ ಒಂದು ಮಾರು ಆಚೆಗೆ. ಕದ್ದಿಲ್ಲದ ಇದ್ದಿಲ ಹೊಗೆ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಎರವಾಗಬಲ್ಲದು; ಕೆಲಸ ಪಡಸಾಲೆಯಲ್ಲೋ ಅಂಗಳದಲ್ಲೋ ನಡೆಯಲಿ. ಎಳ್ಳು ಆರಿಸುವುದು, ತಣಿದ ಕುಸುರೆಳ್ಳನ್ನು ದಪ್ಪ-ಸಣ್ಣ ಎಂದು ಬೇರ್ಪಡಿಸುವುದು, ನಿನ್ನೆಯ ಕಾಳು ಹಾಗೂ ಇಂದಿನ ಕಾಳನ್ನು ಅಂಗೈಯಲ್ಲಿ ಇಟ್ಟು ಹೋಲಿಸುವುದು, ಇವು ಮಗುವಿನವು. ನಯವಾಗಿದ್ದ ಎಳ್ಳು ಮೂರನೆಯ ದಿನ ಮುಳ್ಳುಮುಳ್ಳಾಗಿದ್ದನ್ನು ಬೆರಳೇ ಕಂಡುಹಿಡಿಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಷ್ಟು ಸಣ್ಣ ಕಾಳು ಹಿಡಿದ ಕೈಗೆ ಮುಂದೆ ಪೆನ್ಸಿಲ್ ಭಾರವಾಗದು.

ಸಂಕ್ರಮಣದ ಬಳಿಕ ಎಳೆಯ ಮಕ್ಕಳಿಗೆ ‘ಕರಿ ಎರೆಯುವ’ ಸಂಪ್ರದಾಯವೂ ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿದೆ. ಕುಸುರೆಳ್ಳು ಪೋಣಿಸಿದ ಸರ, ಕಿರೀಟ, ಬಾಜುಬಂದಿ ತೊಡಿಸಿ ಮಗುವನ್ನು ಮಣೆಯ ಮೇಲೆ ಕೂರಿಸುತ್ತಾರೆ. ಬೋರೆಹಣ್ಣು, ಕಬ್ಬಿನ ತುಂಡು, ಚುರುಮುರಿ, ಚಿಲ್ಲರೆ ನಾಣ್ಯಗಳನ್ನು ನೆತ್ತಿಯ ಮೇಲಿಂದ ಎರೆಯುತ್ತಾರೆ. ಸುತ್ತ ನಿಂತ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ಸದ್ದು, ಸ್ಪರ್ಶ, ವಾಸನೆ, ರುಚಿ ಎಲ್ಲವೂ ಒಂದೇ ಕ್ಷಣಕ್ಕೆ ಬರುವ ಇಂಥ ಆಟ ಯಾವ ಪೆಟ್ಟಿಗೆಯಲ್ಲೂ ಸಿಗದು. ಆದರೆ ನಾಣ್ಯ, ಬೋರೆಯ ಬೀಜ, ಇಡೀ ಶೇಂಗಾ ಎಳೆಯ ಗಂಟಲಿಗೆ ಅಪಾಯಕಾರಿ. 4 ವರ್ಷದೊಳಗಿನವರಿಗೆ ಇಡೀ ಶೇಂಗಾ, ಗಟ್ಟಿ ಮಿಠಾಯಿ ಬೇಡವೆಂಬುದು ಮಕ್ಕಳ ವೈದ್ಯರ ಸಾಮಾನ್ಯ ಸಲಹೆ. ಎರೆದ ಮರುಗಳಿಗೆಯೇ ನೆಲ ಗುಡಿಸಿ ನೋಡುವ ಹಿರಿಯರೊಬ್ಬರು ಇರಲೇಬೇಕು.

ಗೌರಿ ಹುಣ್ಣಿಮೆಯ ಸಕ್ಕರೆ ಗೊಂಬೆಗಳದ್ದೂ ಇದೇ ಕಥೆ. ನೆನೆಸಿದ ಮರದ ಅಚ್ಚಿಗೆ ಪಾಕ ಸುರಿಯುವುದು ದೊಡ್ಡವರ ಕೆಲಸ. ತಣಿದ ಮೇಲೆ ಅಚ್ಚು ಬಿಚ್ಚಿ ಆನೆ, ಕುದುರೆ, ತೇರು ಹೊರಬರುವುದನ್ನು ನೋಡುವ ಭಾಗ್ಯ ಚಿಕ್ಕವರದು.

ಹೊಲವೇ ಪಾಠಶಾಲೆ

ಎಳ್ಳ ಅಮವಾಸ್ಯೆಯಂದು ಹುನಗುಂದದ ಎರೆ ಹೊಲಗಳಿಗೆ ಮನೆಮಂದಿಯೆಲ್ಲ ಚರಗ ಚೆಲ್ಲಲು ಹೋಗುತ್ತಾರೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯದ ಬುತ್ತಿಯ ಜೊತೆಗೆ ಮಕ್ಕಳೂ ಬಂಡಿಯಲ್ಲಿರುತ್ತಾರೆ. ಕಡಲೆ ಗಿಡದ ಎಲೆಯನ್ನು ಸವರಿ ಬೆರಳು ನೆಕ್ಕಿದರೆ ಹುಳಿ! ಗಿಡದ ಮೈಯ ಸಣ್ಣ ಕೂದಲುಗಳು ಸ್ರವಿಸುವ ಆಮ್ಲವೇ ಅದಕ್ಕೆ ಕಾರಣ. ಇಬ್ಬನಿ ಬಿದ್ದ ಮುಂಜಾವಿನಲ್ಲಿ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿ ಔಷಧಕ್ಕೆಂದು ತೆಗೆದಿಡುವ ರೂಢಿಯಿತ್ತು. ಕೀಟನಾಶಕ ಸಿಂಪಡಿಸಿದ ಹೊಲದಲ್ಲಿ ಮಾತ್ರ ಈ ಪ್ರಯೋಗ ಸಲ್ಲದು.

ಮಣ್ಣಿನ ಆಟಕ್ಕೂ ಈ ಜಿಲ್ಲೆಯಲ್ಲಿ ದುಡ್ಡು ಕೊಡಬೇಕಿಲ್ಲ. ಹುನಗುಂದದ ಎರೆ ಮಣ್ಣನ್ನು ಒಂದು ಹಿಡಿ, ಬಾದಾಮಿಯ ಮರಳುಗಲ್ಲಿನ ಗುಡ್ಡದ ಬುಡದ ಕೆಂಪು ಮಣ್ಣನ್ನು ಒಂದು ಹಿಡಿ ತಂದು ನೀರು ಬೆರೆಸಿ ಕೊಟ್ಟರೆ ಸಾಕು. ಎರೆ ಮಣ್ಣು ದಾರದಂತೆ ಉದ್ದಕ್ಕೆ ಹೊಸೆಯಲು ಬರುತ್ತದೆ, ಕೆಂಪು ಮಣ್ಣು ಉದುರಿ ಬೀಳುತ್ತದೆ. ಕೃಷಿ ವಿಜ್ಞಾನಿಗಳು ಹೊಲದಲ್ಲಿ ನಿಂತು ಮಣ್ಣಿನ ಗುಣ ಅಳೆಯುವುದೂ ಹೀಗೆಯೇ. ಜೋಳದ ದಂಟಿನ ಬೆಂಡು ಹಾಗೂ ಸಿಬರಿನಿಂದ ಬಂಡಿ, ಕನ್ನಡಕ ಮಾಡುವುದನ್ನು ಹಳ್ಳಿಯಲ್ಲಿ ಬೆಳೆದ ಯಾವ ಅಜ್ಜನೂ ಮರೆತಿರಲಾರ. ಸಿಬರು ಬ್ಲೇಡಿನಷ್ಟೇ ಹರಿತ. ಅದನ್ನು ಸುಲಿದು ಕೊಡುವುದು ಅಜ್ಜನ ಪಾಲು.

ಇಳಕಲ್‌ಗೆ ಬಂದರೆ ಪಾಠ ಬಟ್ಟೆಯದು. ಇಲ್ಲಿನ ಸೀರೆಯ ತೋಪು ತೆನಿ ಸೆರಗಿನಲ್ಲಿ ಕೆಂಪು-ಬಿಳಿಯ ನಡುವೆ ಹಣಿಗೆ, ಕೋಟೆಯ ತೆನೆ, ಜೋಳದ ತೆನೆ ಹೋಲುವ ನಮೂನೆಗಳಿವೆ. ಹಳೆಯ ಸೀರೆ ಮತ್ತು ಗುಳೇದಗುಡ್ಡ ಖಣದ ತುಂಡುಗಳನ್ನು ಹರವಿಟ್ಟು, ಕಣ್ಣು ಮುಚ್ಚಿ ಯಾವುದು ನೂಲು, ಯಾವುದು ರೇಷ್ಮೆ ಎಂದು ಬೆರಳಿನಿಂದ ಹೇಳಿಸಬಹುದು. ಚಳಿಗೆ ಹೊಲಿಯುವ ಕೌದಿಗೂ ಇವೇ ತುಂಡುಗಳು. ಬಣ್ಣದ ಕಾಗದದ ಪಟ್ಟಿಗಳನ್ನು ಉದ್ದಕ್ಕೆ ಹಾಸಿ ಅಡ್ಡಕ್ಕೆ ತೂರಿಸಿದಾಗ ‘ಹಾಸುಹೊಕ್ಕು’ ಎಂಬ ಮಾತು ಮಗುವಿನ ಕೈಗೇ ಸಿಗುತ್ತದೆ.

ಇಲ್ಲಿ ಒಂದು ಎಚ್ಚರದ ಮಾತು ಅಗತ್ಯ. ನೇಕಾರರ ಮನೆಗಳಲ್ಲಿ ಮಗು ಕಂಡಿಕೆ ಸುತ್ತುವುದೂ ಕೈಕೆಲಸವೇ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದರೂ, ಶಾಲೆಯ ಅವಧಿಯ ನಂತರ ಮನೆಯ ಅಪಾಯರಹಿತ ಕಸುಬಿಗೆ ನೆರವಾಗಲು ಅವಕಾಶ ಉಳಿಸಿದೆ. ಮಗು ಬೇಸರವಾದಾಗ ಎದ್ದು ಹೋಗಬಹುದಾದರೆ ಅದು ಆಟ. ಸಂಜೆಯೊಳಗೆ ಇಷ್ಟು ಕಂಡಿಕೆ ಆಗಲೇಬೇಕೆಂದರೆ ಅದು ದುಡಿಮೆ. ಮನೆಯಲ್ಲಿ ಕಲಿಸುತ್ತೇವೆಂಬ ನಗರದ ಉತ್ಸಾಹವನ್ನು ಕೊಂಡಾಡುವವರು ಈ ಗೆರೆಯನ್ನು ಮರೆಯಬಾರದು.

ಕಾಯ್ದೆ ಏನೆನ್ನುತ್ತದೆ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ. 6 ವರ್ಷದೊಳಗಿನ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಲು ಅದರಿಂದ ಅಡ್ಡಿಯಿಲ್ಲ. ಆನಂತರದ ಸ್ಥಿತಿ ಅಸ್ಪಷ್ಟ: ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಕಾಯ್ದೆಯ 10ನೇ ಕಲಂ ಹೇಳುತ್ತದೆ, ಸೇರಿಸದವರಿಗೆ ದಂಡ ವಿಧಿಸಿಲ್ಲ, ಮನೆಶಿಕ್ಷಣವನ್ನು ಹೆಸರಿಸಿಯೂ ಇಲ್ಲ. ಈ ದಾರಿ ಹಿಡಿದ ಹಲವರು ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗಳನ್ನು ನೆಚ್ಚುತ್ತಾರೆ. ಅಲ್ಲಿ ಹತ್ತನೇ ತರಗತಿಗೆ ಸಮನಾದ ಹಂತಕ್ಕೆ ಸೇರಲು 14 ವರ್ಷ ತುಂಬಿರಬೇಕು. ಹೀಗಾಗಿ ನಿರ್ಧಾರ ಕೈಗೊಳ್ಳುವ ಮುನ್ನ ಆರನೆಯ ಹುಟ್ಟುಹಬ್ಬದ ಆಚೆಗೂ ಯೋಚಿಸುವುದು ಲೇಸು.

ಇನ್ನು ಅಂಗಡಿಯ ಕುಸುರೆಳ್ಳು. ಬಣ್ಣ ಬೆರೆಸಿದ ಪೊಟ್ಟಣ ಈಗ ಎಲ್ಲೆಡೆ ಸಿಗುತ್ತದೆ, ಸಮಯವಿಲ್ಲದ ಮನೆಗೆ ಅದೇ ಅನುಕೂಲ. ಎಳ್ಳು ಬೀರಲು ಅದು ಸಾಕು. ಮಗುವಿಗೆ ಮಾತ್ರ ಮುಳ್ಳು ಏಳುವುದನ್ನು ತೋರಿಸಲು ಪೊಟ್ಟಣಕ್ಕೆ ಸಾಧ್ಯವಿಲ್ಲ. ಸಂಕ್ರಮಣ ತಪ್ಪಿತೆಂದು ಕೊರಗಬೇಕಿಲ್ಲ, ಎಳ್ಳು ಬೀರಲು ರಥಸಪ್ತಮಿಯವರೆಗೂ ಅವಕಾಶವಿದೆ. ಒಂದು ಮುಷ್ಟಿ ಎಳ್ಳು, ಒಂದು ಬಟ್ಟಲು ಸಕ್ಕರೆ, ನಾಲ್ಕು ಮುಂಜಾವು ಸಾಕಾಗುತ್ತದೆ. ಬನದ ಹುಣ್ಣಿಮೆಯ ತೇರಿನ ನಂತರವೂ ಬಾದಾಮಿ ಬಳಿಯ ಬನಶಂಕರಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಆಟಿಕೆ ಅಂಗಡಿಗೆ ಹೋಗುವ ಮುಂಚೆ ತರಕಾರಿ ರಾಶಿಗಳ ಮುಂದೆ ಒಂದಿಷ್ಟು ಹೊತ್ತು ನಿಲ್ಲಿಸಬಹುದು. ಅಲ್ಲಿನ ದೇವಿಗೆ ಶಾಕಾಂಬರಿ ಎಂಬ ಹೆಸರೂ ಉಂಟು. ಹುಣ್ಣಿಮೆಯ ಮುನ್ನ ‘ಪಲ್ಯೇದ ಹಬ್ಬ’ದಲ್ಲಿ ಆಕೆಗೆ 108 ಬಗೆಯ ತರಕಾರಿ ಅಡುಗೆಯ ನೈವೇದ್ಯವಾಗುತ್ತದೆ.