ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ

ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಬಜಪೆಯಲ್ಲಿರುವ ನಾಗರಿಕ ವಿಮಾನ ನಿಲ್ದಾಣವಾಗಿದೆ. ಮಂಗಳೂರು ನಗರದಿಂದ ಈಶಾನ್ಯಕ್ಕೆ ಸುಮಾರು 13 ಕಿಲೋಮೀಟರ್ ದೂರದಲ್ಲಿರುವ ಇದನ್ನು ಸ್ಥಳೀಯವಾಗಿ ಬಜಪೆ ವಿಮಾನ ನಿಲ್ದಾಣವೆಂದೂ ಕರೆಯುತ್ತಾರೆ. ಇದರ ಐಎಟಿಎ ಸಂಕೇತ ಐಎಕ್ಸ್‌ಇ, ಐಸಿಎಒ ಸಂಕೇತ ವಿಒಎಂಎಲ್. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲದೆ ಕೊಡಗಿನ ಭಾಗಗಳು ಹಾಗೂ ಕೇರಳದ ಕಾಸರಗೋಡು ಜಿಲ್ಲೆಯ ಪ್ರಯಾಣಿಕರೂ ಇದನ್ನು ಬಳಸುತ್ತಾರೆ. ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ನಿರ್ಮಿಸಿರುವ ಇದು ದೇಶದ ಪ್ರಮುಖ ‘ಟೇಬಲ್‌ಟಾಪ್’ ನಿಲ್ದಾಣಗಳಲ್ಲಿ ಒಂದು. 2010ರ ಮೇ 22ರಂದು ಇಲ್ಲಿ ಸಂಭವಿಸಿದ ವಿಮಾನ ದುರಂತದಲ್ಲಿ 158 ಮಂದಿ ಮೃತಪಟ್ಟರು.

ಭೂರಚನೆ

ಕರಾವಳಿಯ ಈ ಭಾಗದಲ್ಲಿ ಕಡಲಿಗೂ ಪಶ್ಚಿಮ ಘಟ್ಟಕ್ಕೂ ನಡುವೆ ಮುರಕಲ್ಲಿನ ಗುಡ್ಡಗಳು ಮತ್ತು ಕಿರಿದಾದ ಕಣಿವೆಗಳು ಒಂದರ ಪಕ್ಕದಲ್ಲಿ ಒಂದಿವೆ. ವಿಸ್ತಾರವಾದ ಬಯಲು ವಿರಳ. ಆದುದರಿಂದ ನಿಲ್ದಾಣವನ್ನು ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ಮೇಲೆ ನಿರ್ಮಿಸಲಾಯಿತು. ರನ್‌ವೇಯ ತುದಿಗಳಾಚೆ ನೆಲವು ಕಡಿದಾಗಿ ಇಳಿಯುತ್ತದೆ.

ಇಂತಹ ನಿಲ್ದಾಣಗಳಲ್ಲಿ ಎರಡು ಬಗೆಯ ತೊಡಕುಗಳಿವೆ. ಮೊದಲನೆಯದು ದೃಷ್ಟಿಭ್ರಮೆ. ವಿಮಾನವು ಸಮೀಪಿಸುವಾಗ ಕೆಳಗಿನ ಕಣಿವೆ ಮತ್ತು ಮುಂದಿನ ಗುಡ್ಡದ ನೆತ್ತಿ ಒಂದೇ ನೋಟದಲ್ಲಿ ಕಾಣುವುದರಿಂದ ಪೈಲಟ್ ತನ್ನ ನಿಜವಾದ ಎತ್ತರವನ್ನು ತಪ್ಪಾಗಿ ಅಂದಾಜಿಸುವ ಸಾಧ್ಯತೆ ಇರುತ್ತದೆ. ಎರಡನೆಯದು ಸ್ಥಳದ ಅಭಾವ. ಬಯಲಿನ ನಿಲ್ದಾಣದಲ್ಲಿ ರನ್‌ವೇ ದಾಟಿದ ವಿಮಾನವು ಮಣ್ಣಿನಲ್ಲಿ ಹೂತು ನಿಲ್ಲಬಹುದು. ಗುಡ್ಡದ ಮೇಲಿನ ನಿಲ್ದಾಣದಲ್ಲಿ ಅದು ಕಮರಿಗೆ ಉರುಳುತ್ತದೆ. ಮುಂಗಾರಿನ ಭಾರಿ ಮಳೆ, ಕಡಿಮೆ ಗೋಚರತೆ ಮತ್ತು ಒದ್ದೆಯಾದ ರನ್‌ವೇ ಈ ತೊಡಕುಗಳನ್ನು ಹೆಚ್ಚಿಸುತ್ತವೆ.

ಇತಿಹಾಸ

ನಿಲ್ದಾಣವು 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದು ಪ್ರಧಾನಿ ಜವಾಹರಲಾಲ್ ನೆಹರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಇಲ್ಲಿ ಬಂದಿಳಿದರು. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು ರಾಜ್ಯದ ಭಾಗವಾಯಿತು.

ಮೊದಲ ರನ್‌ವೇಯ ಉದ್ದ 1,615 ಮೀಟರ್. ದೊಡ್ಡ ಜೆಟ್ ವಿಮಾನಗಳಿಗೆ ಇದು ಸಾಲುತ್ತಿರಲಿಲ್ಲ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಎಚ್‌ಎಸ್-748 ವಿಮಾನವು ಒದ್ದೆಯಾಗಿದ್ದ ಈ ರನ್‌ವೇಯನ್ನು ದಾಟಿ, ಅದರ ಅಂಚಿನಾಚೆ ಸ್ವಲ್ಪ ದೂರದಲ್ಲಿಯೇ ನಿಂತಿತು. ವಿಮಾನಕ್ಕೆ ತೀವ್ರ ಹಾನಿಯಾದರೂ ಪ್ರಾಣಹಾನಿ ಆಗಲಿಲ್ಲ. ಪ್ರಯಾಣಿಕರಲ್ಲಿ ರಾಜಕಾರಣಿ ವೀರಪ್ಪ ಮೊಯ್ಲಿ ಅವರೂ ಇದ್ದರು.

1970ರ ದಶಕದಿಂದ ಕರಾವಳಿಯ ಜನರು ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕಾಗಿ ಹೆಚ್ಚಿನ ಸಂಖ್ಯೆಯಲ್ಲಿ ತೆರಳತೊಡಗಿದರು. ನೇರ ವಿಮಾನ ಇಲ್ಲದ ಕಾರಣ ಅವರಲ್ಲಿ ಹೆಚ್ಚಿನವರು ಮುಂಬೈ ಮೂಲಕ ಪ್ರಯಾಣಿಸಬೇಕಾಗಿತ್ತು. ಉದ್ದವಾದ ರನ್‌ವೇಯ ಬೇಡಿಕೆಗೆ ಇದು ಮುಖ್ಯ ಕಾರಣ.

ಎರಡನೆಯ ರನ್‌ವೇ ಮತ್ತು ವಿವಾದ

ಹೊಸ ರನ್‌ವೇ ಯೋಜನೆಗೆ ಸ್ಥಳೀಯ ನಿವಾಸಿಗಳಿಂದ ಮತ್ತು ಪರಿಸರ ಸಂಘಟನೆಗಳಿಂದ ವಿರೋಧ ವ್ಯಕ್ತವಾಯಿತು. ಭೂಸ್ವಾಧೀನದ ಜೊತೆಗೆ ಸುರಕ್ಷತೆಯೂ ಅವರ ಆಕ್ಷೇಪದ ವಿಷಯವಾಗಿತ್ತು. ಗುಡ್ಡದ ಮೇಲೆ ಲಭ್ಯವಿರುವ ಜಾಗದಲ್ಲಿ ಅಗತ್ಯ ಸುರಕ್ಷತಾ ಅಂತರಗಳನ್ನು ಒದಗಿಸಲು ಆಗದು ಎಂಬುದು ಅವರ ವಾದ. ಈ ಸಂಬಂಧ ಕರ್ನಾಟಕ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಸಲ್ಲಿಕೆಯಾದವು. ಅವು ಫಲಿಸಲಿಲ್ಲ, 2003ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಾಮಗಾರಿಯನ್ನು ತಡೆಯಲು ನಿರಾಕರಿಸಿತು.

2,450 ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇ 2006ರಲ್ಲಿ ಬಳಕೆಗೆ ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ನೇರ ಸೇವೆ ಆರಂಭಿಸಿತು. ಕೆಂಜಾರು ಭಾಗದಲ್ಲಿ ನಿರ್ಮಿಸಿದ ಹೊಸ ಟರ್ಮಿನಲ್ ಕಟ್ಟಡ 2010ರ ಮೇ 15ರಂದು ಉದ್ಘಾಟನೆಗೊಂಡಿತು.

2010ರ ದುರಂತ

ಉದ್ಘಾಟನೆಯಾದ ಒಂದೇ ವಾರದಲ್ಲಿ, ಮೇ 22ರ ಬೆಳಗ್ಗೆ ಸುಮಾರು 6 ಗಂಟೆಗೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ನೇ ಸಂಖ್ಯೆಯ ಬೋಯಿಂಗ್ 737-800 ವಿಮಾನವು ಹೊಸ ರನ್‌ವೇಯನ್ನು ದಾಟಿ ಕಮರಿಗೆ ಬಿದ್ದು ಹೊತ್ತಿ ಉರಿಯಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ ಎಂಟು ಮಂದಿ ಮಾತ್ರ ಬದುಕುಳಿದರು. ಮೃತರಲ್ಲಿ ಬಹುಪಾಲು ಜನರು ಕರಾವಳಿ ಕರ್ನಾಟಕ ಮತ್ತು ಉತ್ತರ ಕೇರಳದವರು.

ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯವು ಘಟನಾವಳಿಯನ್ನು ಪರಿಶೀಲಿಸಿತು. ಅದರಂತೆ, ವಿಮಾನವು ಇಳಿಯುವ ಹಂತದುದ್ದಕ್ಕೂ ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿತ್ತು. ರನ್‌ವೇಯ ಆರಂಭವನ್ನು ಸುಮಾರು 50 ಅಡಿ ಎತ್ತರದಲ್ಲಿ ದಾಟಬೇಕಿದ್ದ ವಿಮಾನ ಸುಮಾರು 200 ಅಡಿ ಎತ್ತರದಲ್ಲಿ ದಾಟಿತು. ಚಕ್ರಗಳು ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದೂರದಲ್ಲಿ. ಅಂದರೆ ಒಟ್ಟು ಸುಮಾರು 8,000 ಅಡಿಯಲ್ಲಿ ಉಳಿದದ್ದು ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಸಹಪೈಲಟ್ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಮೂರು ಬಾರಿ ಹೇಳಿದ್ದರು; ಯಂತ್ರದ ಎಚ್ಚರಿಕೆಗಳೂ ಮೊಳಗಿದ್ದವು. ಇವುಗಳ ಹೊರತಾಗಿಯೂ ಕ್ಯಾಪ್ಟನ್ ಮುಂದುವರಿದದ್ದೇ ದುರಂತದ ನೇರ ಕಾರಣವೆಂದು ವರದಿ ಹೇಳಿತು. ಕ್ಯಾಪ್ಟನ್ ಪ್ರಯಾಣದ ವೇಳೆ ದೀರ್ಘಕಾಲ ನಿದ್ರಿಸಿದ್ದರಿಂದ ತೀರ್ಮಾನಶಕ್ತಿ ಕುಂದಿರಬಹುದೆಂದೂ, ನಿಲ್ದಾಣದ ರಾಡಾರ್ ಆ ದಿನ ಕಾರ್ಯನಿರ್ವಹಿಸುತ್ತಿರಲಿಲ್ಲವೆಂದೂ ವರದಿ ದಾಖಲಿಸಿದೆ.

ಭೂರಚನೆ ಅಪಘಾತದ ಕಾರಣವಲ್ಲದಿದ್ದರೂ ಅದರ ತೀವ್ರತೆಯನ್ನು ಹೆಚ್ಚಿಸಿತು. ರನ್‌ವೇ ತುದಿಯ ಸುರಕ್ಷತಾ ಪ್ರದೇಶಕ್ಕೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ವಿಧಿಸಿರುವ ಕನಿಷ್ಠ ಉದ್ದ 90 ಮೀಟರ್. ಶಿಫಾರಸು ಮಾಡಿರುವ ಉದ್ದ 240 ಮೀಟರ್. ಮಂಗಳೂರಿನಲ್ಲಿ ಆಗ ಇದ್ದುದು ಕನಿಷ್ಠ ಮಿತಿಯಷ್ಟೇ. ಇಳಿಯುವಿಕೆಗೆ ದಿಕ್ಕು ತೋರುವ ಆಂಟೆನಾದ ಕಾಂಕ್ರೀಟ್ ಅಡಿಪಾಯಕ್ಕೆ ವಿಮಾನದ ಬಲರೆಕ್ಕೆ ಬಡಿದದ್ದೂ ಹಾನಿಯನ್ನು ಹೆಚ್ಚಿಸಿತು. ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಕೇರಳದ ಕೋಯಿಕ್ಕೋಡಿನಲ್ಲಿ ಅದೇ ಸಂಸ್ಥೆಯ ವಿಮಾನವೊಂದು ಟೇಬಲ್‌ಟಾಪ್ ರನ್‌ವೇಯಿಂದ ಕೆಳಗುರುಳಿದಾಗ ಈ ಚರ್ಚೆ ಮತ್ತೆ ಮುನ್ನೆಲೆಗೆ ಬಂದಿತು.

ಪರಿಹಾರದ ವಿಷಯದಲ್ಲಿ ಮೃತರ ಕುಟುಂಬಗಳು ದೀರ್ಘಕಾಲ ನ್ಯಾಯಾಲಯಗಳಲ್ಲಿ ಹೋರಾಡಿದವು. 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ 7.64 ಕೋಟಿ ರೂಪಾಯಿ ಪರಿಹಾರವನ್ನು ನಿಗದಿಪಡಿಸಿತು. ಗುರುತು ಪತ್ತೆಯಾಗದ ಶವಗಳನ್ನು ಫಲ್ಗುಣಿ ನದಿಯ ದಡದಲ್ಲಿ ಕೂಳೂರು ಬಳಿ ಮಣ್ಣು ಮಾಡಲಾಗಿದ್ದು, ಅಲ್ಲಿ ಸ್ಮಾರಕ ಉದ್ಯಾನವಿದೆ.

ಕಾರ್ಯಾಚರಣೆ

ರನ್‌ವೇಗಳನ್ನು ಅವುಗಳ ಕಾಂತೀಯ ದಿಕ್ಕಿನ ಅಂಕಿಯನ್ನು ಹತ್ತರಿಂದ ಭಾಗಿಸಿ ಹೆಸರಿಸಲಾಗುತ್ತದೆ. ಮಂಗಳೂರಿನ ಹಳೆಯ ರನ್‌ವೇ 09/27, ಹೊಸದು 06/24. ನೈಋತ್ಯಾಭಿಮುಖವಾಗಿ ಇಳಿಯುವ 24ನೇ ರನ್‌ವೇಗೆ ಉಪಕರಣ ಆಧಾರಿತ ಇಳಿಯುವಿಕೆ ವ್ಯವಸ್ಥೆ ಇದೆ. ಬೋಯಿಂಗ್ 737 ಮತ್ತು ಏರ್‌ಬಸ್ ಎ320 ವರ್ಗದ ವಿಮಾನಗಳು ಇಲ್ಲಿನ ಸಂಚಾರದ ಮುಖ್ಯ ಭಾಗವಾಗಿವೆ.

ಬೆಂಗಳೂರು, ಮುಂಬೈ ಮುಂತಾದ ನಗರಗಳಿಗೆ ದೇಶೀಯ ಸೇವೆಗಳಿದ್ದು, ಅಂತಾರಾಷ್ಟ್ರೀಯ ಸಂಚಾರವು ಕೊಲ್ಲಿ ರಾಷ್ಟ್ರಗಳನ್ನೇ ಬಹುವಾಗಿ ಅವಲಂಬಿಸಿದೆ. 2017–18ರಲ್ಲಿ ಪ್ರಯಾಣಿಕರ ಸಂಖ್ಯೆ 22 ಲಕ್ಷವನ್ನು ದಾಟಿತು.

2023ರ ಮೊದಲ ತಿಂಗಳುಗಳಲ್ಲಿ ಕಾಂಕ್ರೀಟ್ ರನ್‌ವೇಯ ಮೇಲೆ ಡಾಂಬರಿನ ಹೊಸ ಪದರವನ್ನು ಹಾಕಲಾಯಿತು. ಇದಕ್ಕಾಗಿ ಹಗಲಿನ ವೇಳೆ ರನ್‌ವೇಯನ್ನು ಮುಚ್ಚಿ, ಉಳಿದ ಅವಧಿಯಲ್ಲಿ ವಿಮಾನ ಸಂಚಾರ ನಡೆಸಲಾಯಿತು. ಕಾಮಗಾರಿಯನ್ನು ಮುಂಗಾರು ಆರಂಭಕ್ಕೆ ಮೊದಲೇ ಮುಗಿಸಲಾಯಿತು.

ನಿರ್ವಹಣೆ

ಕೇಂದ್ರ ಸರ್ಕಾರವು 2012ರ ಅಕ್ಟೋಬರಿನಲ್ಲಿ ಇದಕ್ಕೆ ಅಂತಾರಾಷ್ಟ್ರೀಯ ನಿಲ್ದಾಣದ ಸ್ಥಾನಮಾನ ನೀಡಿತು. ಅಲ್ಲಿಯವರೆಗೆ ಇದು ಸುಂಕ ಸೌಲಭ್ಯವುಳ್ಳ ನಿಲ್ದಾಣವಾಗಿ ವಿದೇಶಿ ಹಾರಾಟಗಳನ್ನು ನಡೆಸುತ್ತಿತ್ತು. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನಿರ್ವಹಣೆಯಲ್ಲಿದ್ದ ನಿಲ್ದಾಣವನ್ನು 2019ರ ಹರಾಜಿನಲ್ಲಿ ಅದಾನಿ ಸಮೂಹವು ಐವತ್ತು ವರ್ಷಗಳ ಗುತ್ತಿಗೆಗೆ ಪಡೆಯಿತು. 2020ರ ಅಕ್ಟೋಬರ್ 31ರಿಂದ ದೈನಂದಿನ ನಿರ್ವಹಣೆ ಆ ಸಮೂಹದ ಕೈಯಲ್ಲಿದೆ. ವಾಯುಸಂಚಾರ ನಿಯಂತ್ರಣವು ಪ್ರಾಧಿಕಾರದ ಬಳಿಯೇ ಉಳಿದಿದೆ. ಭದ್ರತೆಯ ಹೊಣೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯದು.