ಭಾಗಿಸಿದರೆ ಹುಟ್ಟುವ ಸ್ವರ

ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ದಿ ಬರ್ಡ್ಸ್’ (1963) ನೋಡಿದ್ದೀರಾ? ಮೈ ಜುಮ್ಮೆನ್ನಿಸುವ ಆ ಚಿತ್ರದಲ್ಲಿ ಮಾಮೂಲಿ ಹಿನ್ನೆಲೆ ಸಂಗೀತವೇ ಇಲ್ಲ. ಹಿಂಡುಹಿಂಡಾಗಿ ಎರಗುವ ಹಕ್ಕಿಗಳ ಕಿರುಚಾಟ, ರೆಕ್ಕೆಬಡಿತಗಳಲ್ಲಿ ಅನೇಕವು ಹಕ್ಕಿಗಳಿಂದ ಬಂದದ್ದೂ ಅಲ್ಲ. ಬರ್ಲಿನ್‌ನ ಸ್ಟುಡಿಯೊದಲ್ಲಿ ಒಂದು ಎಲೆಕ್ಟ್ರಾನಿಕ್ ವಾದ್ಯದಿಂದ ಹೊರಟದ್ದು. ಅದರ ಹೆಸರು ಮಿಕ್ಸ್‌ಟೂರ್ ಟ್ರೌಟೋನಿಯಂ. ನುಡಿಸಿದವರು ಆಸ್ಕರ್ ಸಾಲಾ.

1930ರಲ್ಲಿ ಫ್ರೆಡ್ರಿಕ್ ಟ್ರೌಟ್‌ವೈನ್ ಬರ್ಲಿನ್‌ನಲ್ಲಿ ಮೊದಲ ಟ್ರೌಟೋನಿಯಂ ತಯಾರಿಸಿದಾಗ ಸಾಲಾ ಅಲ್ಲಿನ ಸಂಗೀತ ವಿದ್ಯಾರ್ಥಿ. ಆ ವರ್ಷ ಅವರಿಗೆ ಇಪ್ಪತ್ತು ತುಂಬಿತು, ಈಗ ನನಗಿರುವಷ್ಟೇ ವಯಸ್ಸು. ವಾದ್ಯದ ಹುಚ್ಚು ಹತ್ತಿ ಅವರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನವನ್ನೂ ಓದಿದರು. ಟೆಲಿಫುಂಕನ್ ಕಂಪನಿ ಟ್ರೌಟೋನಿಯಂ ಅನ್ನು ಮನೆಬಳಕೆಗೆ ಮಾರಲು ಹೊರಟಿತು, ಕೊಳ್ಳುವವರು ಸಿಗಲಿಲ್ಲ. ಸಾಲಾ ಮಾತ್ರ ಬಿಡಲಿಲ್ಲ. 2002ರಲ್ಲಿ ತೀರಿಕೊಂಡ ಅವರು ಬದುಕಿನ ಬಹುಭಾಗವನ್ನು ಅದನ್ನು ತಿದ್ದುತ್ತ, ನುಡಿಸುತ್ತಲೇ ಕಳೆದರು. ಆ ವಾದ್ಯದ ಜೀವಾಳವಾಗಿದ್ದದ್ದು ಸಬ್‌ಹಾರ್ಮೋನಿಕ್.

ಹಾಗೆಂದರೇನು? ತಂಬೂರಿಯ ಮಂದ್ರದ ತಂತಿ ಮೀಟಿ ಕಿವಿಗೊಟ್ಟರೆ ಅಂತರ ಗಾಂಧಾರ ತಾನಾಗಿಯೇ ಕೇಳುತ್ತದೆ ಎಂದು ಸಂಗೀತ ಬಲ್ಲವರು ಹೇಳುತ್ತಾರೆ. 110 ಹರ್ಟ್ಜ್‌ನಲ್ಲಿ ಕಂಪಿಸುವ ತಂತಿಯಿಂದ ಜೊತೆಗೇ 220, 330, 440, 550 ಎಂದು ಮಗ್ಗಿಯಂತೆ ಮೇಲಿನ ಸ್ವರಗಳೂ ಹೊಮ್ಮುತ್ತವೆ. ಇವು ಹಾರ್ಮೋನಿಕ್‌ಗಳು. ಮೂರರಿಂದ ಗುಣಿಸಿದ್ದು ಪಂಚಮ, ಐದರಿಂದ ಗುಣಿಸಿದ್ದು ಅಂತರ ಗಾಂಧಾರ.

ಸಬ್‌ಹಾರ್ಮೋನಿಕ್ ಇದರ ತಿರುವುಮುರುವು. ಗುಣಿಸುವ ಬದಲು ಭಾಗಿಸುವುದು. 440 ಅನ್ನು 2, 3, 4, 5, 6ರಿಂದ ಭಾಗಿಸಿದರೆ 220, 146.67, 110, 88, 73.33. ಮೊದಲಿನದನ್ನು ಷಡ್ಜ ಎಂದುಕೊಂಡರೆ ಮೂರರಿಂದ ಭಾಗಿಸಿದ್ದು ಶುದ್ಧ ಮಧ್ಯಮ, ಐದರಿಂದ ಭಾಗಿಸಿದ್ದು ಶುದ್ಧ ಧೈವತ. 4, 5, 6ರಿಂದ ಗುಣಿಸಿದ ಸ್ವರಗಳು ಸೇರಿದರೆ ಪಾಶ್ಚಾತ್ಯರ ಮೇಜರ್ ಕಾರ್ಡ್. ಅವೇ ಅಂಕಿಗಳಿಂದ ಭಾಗಿಸಿದರೆ ಮೈನರ್ ಕಾರ್ಡ್! ಮೀಟಿದ ತಂತಿ ಈ ಕೆಳಗಿನ ಸ್ವರಗಳನ್ನು ತಾನಾಗಿ ಕೊಡುವುದಿಲ್ಲ. ನಾವೇ ಮಾಡಿಕೊಳ್ಳಬೇಕು.

ಮಾಡುವುದು ಹೇಗೆ ಎಂಬುದು ನಮ್ಮ ಸಿಲಬಸ್‌ನಲ್ಲೇ ಇದೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಎಲ್ಲರೂ ಕಟ್ಟುವ ಫ್ಲಿಪ್‌ಫ್ಲಾಪ್‌ಗೆ ಎರಡು ಪಲ್ಸ್ ಕೊಟ್ಟರೆ ಒಂದು ಹೊರಬರುತ್ತದೆ. ಸಿಡಿ4013 ಐಸಿಯಲ್ಲಿ ಇಂಥವು ಎರಡಿವೆ, ಸಾಲಾಗಿ ಜೋಡಿಸಿದರೆ ನಾಲ್ಕರಿಂದ ಭಾಗಾಕಾರ. ಸಿಡಿ4017 ಕೌಂಟರ್‌ನಲ್ಲಿ ಮೂರನೇ ಅಂಕಿಯ ಔಟ್‌ಪುಟ್ ಅನ್ನು ರಿಸೆಟ್‌ಗೆ ಸೇರಿಸಿದರೆ ಮೂರರಿಂದ. ಲ್ಯಾಬ್‌ನಲ್ಲಿ ಎಲ್‌ಇಡಿ ಮಿನುಗಿದರೆ ರೆಕಾರ್ಡ್‌ಗೆ ಸಹಿ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಮಾಡ್ಯುಲರ್ ಸಿಂಥಸೈಜರ್‌ನವರಿಗೆ ಕೆಲಸ ಶುರುವಾಗುವುದೇ ಅಲ್ಲಿಂದ. ಆಸಿಲೇಟರ್‌ನ ಸ್ಕ್ವೇರ್ ವೇವ್ ಅನ್ನು ಡಿವೈಡರ್‌ಗೆ ಕೊಟ್ಟು, ಬಂದ ಸ್ವರಗಳನ್ನು ಮಿಕ್ಸರ್‌ನಲ್ಲಿ ಕೂಡಿಸಿ, ಫಿಲ್ಟರ್‌ನಲ್ಲಿ ಮೃದುಗೊಳಿಸುತ್ತಾರೆ. 2020ರಲ್ಲಿ ಮೂಗ್ ಕಂಪನಿ ತಂದ ಸಬ್‌ಹಾರ್ಮೋನಿಕಾನ್‌ನಲ್ಲಿ ಎರಡು ಆಸಿಲೇಟರ್, ಒಂದೊಂದಕ್ಕೂ ಎರಡೆರಡು ಸಬ್ ಆಸಿಲೇಟರ್, ಒಟ್ಟು ಆರು ದನಿ. 1ರಿಂದ 16ರವರೆಗೆ ಭಾಗಿಸಬಹುದು.

ಅದರಲ್ಲಿ ತಾಳಕ್ಕೂ ಇದೇ ಭಾಗಾಕಾರ. ಸೆಕೆಂಡಿಗೆ ಎರಡು ಬಡಿತದ ಕ್ಲಾಕ್ ಅನ್ನು ಒಂದು ಕಡೆ ಮೂರರಿಂದ, ಇನ್ನೊಂದು ಕಡೆ ನಾಲ್ಕರಿಂದ ಭಾಗಿಸಿದರೆ ಎರಡೂ ಹನ್ನೆರಡು ಬಡಿತಕ್ಕೊಮ್ಮೆ ಕೂಡುತ್ತವೆ. ಬ್ರೆಡ್‌ಬೋರ್ಡ್‌ನಲ್ಲಿ ಇದನ್ನು ಕಟ್ಟಿ, ಮೃದಂಗ ಕಲಿಯುತ್ತಿರುವ ಹಾಸ್ಟೆಲ್ ಗೆಳೆಯನಿಗೆ ಕೇಳಿಸಿದೆ. ತೊಡೆಯ ಮೇಲೆ ತಾಳ ಹಾಕುತ್ತ, ‘ಲೋ, ಇದು ಮೂರಕ್ಕೆ ನಾಲ್ಕು ಕಣೋ’ ಅಂದ. ನಾನು ಕ್ಲಾಕ್‌ನ ವೇಗ ಏರಿಸುತ್ತ ಹೋದೆ. ಬಡಿತಗಳು ಒಂದಕ್ಕೊಂದು ಅಂಟಿಕೊಂಡು, ಗುಂಯ್‌ಗುಟ್ಟಿ, ಎರಡು ಸ್ವರಗಳಾಗಿ ನಿಂತವು. ಒಂದು ವೈರ್ ಕೂಡ ಬದಲಾಗಿರಲಿಲ್ಲ. ಲಯವಾಗಿದ್ದದ್ದು ಶ್ರುತಿಯಾಗಿತ್ತು. ಅವನು ತಾಳ ನಿಲ್ಲಿಸಿ, ‘ಇನ್ನೊಂದ್ಸಲ ಇಳಿಸೋ’ ಅಂದ.

ಮಿತಿಗಳೂ ಇವೆ. ಫ್ಲಿಪ್‌ಫ್ಲಾಪ್‌ಗೆ ಮೆಲುದನಿ, ಜೋರುದನಿ ಗೊತ್ತಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಏರಿಳಿತವನ್ನು ಎನ್ವಲಪ್ ಮತ್ತು ಆಂಪ್ಲಿಫೈಯರ್‌ನಿಂದ ಮತ್ತೆ ತುಂಬಬೇಕು. ಒಮ್ಮೆಗೆ ಒಂದೇ ಸ್ವರ ಕೊಡಬೇಕು. ಎರಡು ಒಟ್ಟಿಗೆ ಹೋದರೆ ಯಾವುದನ್ನು ಎಣಿಸಬೇಕೆಂದು ಅದಕ್ಕೆ ತಿಳಿಯದೆ ಕರಕರ ಸದ್ದು ಬರುತ್ತದೆ. ಕೆಲವರು ಆ ಕರಕರಕ್ಕೇ ಮನಸೋಲುವುದೂ ಉಂಟು.

ಮೂಗ್‌ನಂಥ ವಾದ್ಯ ನಮ್ಮ ಜೇಬಿಗೆ ಎಟುಕುವಂಥದ್ದಲ್ಲ. ಆದರೆ ವಿಸಿವಿ ರ‍್ಯಾಕ್ ಎಂಬ ತಂತ್ರಾಂಶದ ಉಚಿತ ಆವೃತ್ತಿ ಲ್ಯಾಪ್‌ಟಾಪ್‌ನಲ್ಲೇ ಮಾಡ್ಯುಲರ್ ಸಿಂಥಸೈಜರ್ ಕಟ್ಟಿಕೊಡುತ್ತದೆ. ಕೈಯಾರೆ ಕಟ್ಟುವ ಆಸೆಯಿದ್ದವರಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆ ಇದ್ದೇ ಇದೆ.

‘ಇದರಿಂದ ಪ್ಲೇಸ್‌ಮೆಂಟ್‌ಗೆ ಏನಾದ್ರೂ ಉಪಯೋಗ ಇದೆಯೇನಪ್ಪಾ?’ ಎಂದು ಮನೆಯಲ್ಲಿ ಕೇಳುತ್ತಾರೆ. ನೇರವಾಗಿ ಇಲ್ಲ ಎಂದೇ ಹೇಳುತ್ತೇನೆ. ಆದರೆ ಕೌಂಟರ್ ಪಾಠ ನನಗೆ ಅರ್ಥವಾದದ್ದು ಪರೀಕ್ಷೆಗೆ ಓದಿದಾಗಲ್ಲ, ಅದನ್ನು ಕಿವಿಯಲ್ಲಿ ಕೇಳಿದಾಗ. ಟೈಮಿಂಗ್ ಡಯಾಗ್ರಂ ಬರೆಯುವಾಗ ಈಗ ಅದರ ಸದ್ದೂ ಜೊತೆಗೆ ಕೇಳುತ್ತದೆ. ಮುಂದಿನ ಸಲ ಲ್ಯಾಬ್‌ನಲ್ಲಿ ನಿಮ್ಮ ಎಲ್‌ಇಡಿ ಮಿನುಗಿ ಸಹಿ ಸಿಕ್ಕ ಮೇಲೆ, ಮೇಷ್ಟ್ರನ್ನು ಕೇಳಿ ಐದು ನಿಮಿಷ ಹೆಚ್ಚು ಪಡೆಯಿರಿ. ಎಲ್‌ಇಡಿ ಕಿತ್ತು, ರೆಸಿಸ್ಟರ್ ಮೂಲಕ ಒಂದು ಪುಟ್ಟ ಸ್ಪೀಕರ್ ಜೋಡಿಸಿ, ಕ್ಲಾಕ್ ಅನ್ನು 440ಕ್ಕೆ ಏರಿಸಿ ನೋಡಿ.