ಕೆಲಸ ಕೊಡಿಸುವವರನ್ನು ನಂಬುವುದು ಹೇಗೆ?

ಚಳ್ಳಕೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಶೇಂಗಾ ವ್ಯಾಪಾರ ನಡೆಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಕೊಳ್ಳುವವನು ರಾಶಿಯೊಳಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಾನೆ. ಮೇಲಿನ ಕಾಯಿಯಲ್ಲ, ಒಳಗಿನದು. ನಾಲ್ಕಾರು ಕಾಯಿ ಒಡೆದು ಬೀಜ ತುಂಬಿದೆಯೇ, ಜೊಳ್ಳು ಎಷ್ಟಿದೆ, ತೇವ ಉಳಿದಿದೆಯೇ ಎಂದು ನೋಡುತ್ತಾನೆ. ಒಂದು ಬೀಜ ಬಾಯಿಗೂ ಹೋಗುತ್ತದೆ. ದರದ ಮಾತು ಆಮೇಲೆ. ಎಣ್ಣೆ ಗಿರಣಿಗಳಿಂದ ಹೆಸರು ಪಡೆದ ಈ ಊರಿನಲ್ಲಿ ಇದು ನಿತ್ಯದ ನೋಟ.

ಈಗ ಒಂದು ಪ್ರಶ್ನೆ. ಒಬ್ಬ ಮನುಷ್ಯನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಏನನ್ನು ಒಡೆದು ನೋಡುವುದು? ಅಂಕಪಟ್ಟಿ ಇದೆ, ಅರ್ಧ ಗಂಟೆಯ ಸಂದರ್ಶನ ಇದೆ. ಆದರೆ ಆತ ಹೇಗೆ ದುಡಿಯುತ್ತಾನೆ ಎಂಬುದು ತಿಳಿಯುವುದು ಸೇರಿದ ಮೇಲೆಯೇ. ಇನ್ನೊಂದು ಕಡೆಯಿಂದಲೂ ನೋಡಿ. ಕೆಲಸಕ್ಕೆ ಸೇರುವ ಹುಡುಗಿಗೆ ಕಂಪನಿಯ ಒಳಗು ಏನು ಗೊತ್ತು? ಸಂಬಳ ತಿಂಗಳು ತಿಂಗಳು ಕೈಗೆ ಬರುತ್ತದೆಯೋ, ಮೇಲಿನವರು ಎಂಥವರೋ, ‘ಕಾಯಂ’ ಎಂದದ್ದು ನಿಜವಾಗಿ ಕಾಯಮ್ಮೋ ಅಲ್ಲವೋ, ಇವೆಲ್ಲ ಅವಳಿಗೂ ಸೇರಿದ ಮೇಲೆ ತಿಳಿಯುವ ಸಂಗತಿಗಳೇ.

ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಾಗ ವ್ಯವಹಾರ ಹೇಗೆ ಕೆಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಒಂದು ಚಿಕ್ಕ ಪ್ರಬಂಧದಲ್ಲಿ ವಿವರಿಸಿದರು. ಅವರ ಮುಖ್ಯ ಉದಾಹರಣೆ ಹಳೆಯ ಕಾರುಗಳದು. ಕೊಳ್ಳುವವನಿಗೆ ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದಿದ್ದರೆ ಅವನು ನಡುವಣ ಬೆಲೆಗೇ ಅಂಟಿಕೊಳ್ಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳು. ಅಂಗಡಿಯಿಂದ ತಂದ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲನ್ನು ಭಾರತದ ಗೃಹಿಣಿ ಆರಿಸುವ ವಿಷಯವೂ ಆ ಪ್ರಬಂಧದಲ್ಲಿ ಬರುತ್ತದೆ! ಅಕರ್‌ಲಾಫ್ ಅದಕ್ಕೆ ಮೊದಲು ದೆಹಲಿಯಲ್ಲಿ ಕೆಲಕಾಲ ಇದ್ದವರು. 2001ರಲ್ಲಿ ಅವರಿಗೆ, ಇನ್ನಿಬ್ಬರ ಜೊತೆಗೆ, ನೊಬೆಲ್ ಪ್ರಶಸ್ತಿ ಬಂತು.

ಇಂಥ ಕತ್ತಲೆಯ ನಡುವೆ ದೀಪ ಹಿಡಿದು ನಿಲ್ಲುವುದೇ ನೇಮಕಾತಿ ಸಲಹೆಗಾರರ ಕಸುಬು. ಊರಲ್ಲಿ ಜನ ಇವರನ್ನು ‘ಕನ್ಸಲ್ಟೆನ್ಸಿಯವರು’ ಎನ್ನುತ್ತಾರೆ. ಕೆಲವರು ಯಾವ ಕೆಲಸಕ್ಕಾದರೂ ಜನರನ್ನು ಹುಡುಕಿಕೊಡುತ್ತಾರೆ. ಇನ್ನು ಕೆಲವರು ಒಂದೇ ಕ್ಷೇತ್ರಕ್ಕೆ ಅಂಟಿಕೊಂಡವರು: ಬರೀ ಔಷಧ ತಯಾರಿಕೆ, ಬರೀ ಯಂತ್ರೋಪಕರಣ, ಬರೀ ಜವಳಿ ಹೀಗೆ. ನಮ್ಮ ಮಾತು ಈ ಎರಡನೆಯವರ ಬಗ್ಗೆ.

ಮೊದಲು ಅವರ ಹೊಟ್ಟೆಪಾಡು ಹೇಗೆ ನಡೆಯುತ್ತದೆ ನೋಡೋಣ. ನಮ್ಮ ದೇಶದಲ್ಲಿ ಕಂಪನಿಗಳು ಇವರಿಗೆ ಕೊಡುವ ಶುಲ್ಕ ಅನೇಕ ವೇಳೆ ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇಕಡ 8.33. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಅಂದರೆ ಒಂದು ತಿಂಗಳ ಸಂಬಳ. ತಿಂಗಳಿಗೆ 25,000 ರೂಪಾಯಿ ಸಂಬಳದ ಕೆಲಸವಾದರೆ ಸಲಹೆಗಾರರಿಗೆ 25,000. ಹತ್ತು ಜನರನ್ನು ಕಳಿಸಿ ಒಬ್ಬರೂ ಆಯ್ಕೆಯಾಗದಿದ್ದರೆ ಸೊನ್ನೆ. ಸೇರಿದವರು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬಿಟ್ಟುಹೋದರೆ ಬೇರೊಬ್ಬರನ್ನು ಪುಕ್ಕಟೆಯಾಗಿ ಹುಡುಕಿಕೊಡಬೇಕು ಎಂಬ ಕರಾರೂ ಇರುತ್ತದೆ.

ಈ ಲೆಕ್ಕದಲ್ಲೇ ಆಸೆಯ ಬಲೆ ಇದೆ. ಹೇಗಾದರೂ ಸೇರಿಸಿಬಿಟ್ಟರೆ ಹಣ. ಹಾಗಾಗಿ ಅಭ್ಯರ್ಥಿಗೆ ಕೆಲಸವನ್ನು ಸ್ವಲ್ಪ ಹೊಗಳಿ ಹೇಳುವುದು, ಕಂಪನಿಗೆ ಅಭ್ಯರ್ಥಿಯನ್ನು ಸ್ವಲ್ಪ ಹೊಗಳಿ ಹೇಳುವುದು. ಈ ‘ಸ್ವಲ್ಪ’ವೇ ಮುಂದೆ ಜಗಳವಾಗುತ್ತದೆ.

ನಡುವೆ ನಿಲ್ಲುವವರ ಮೇಲಿನ ಅಪನಂಬಿಕೆಗೆ ನಮ್ಮಲ್ಲಿ ಹಳೆಯ ಕಾರಣವೂ ಉಂಟು. ಬ್ರಿಟಿಷರ ಕಾಲದಲ್ಲಿ ಮಲೆನಾಡಿನ ಕಾಫಿ ತೋಟಗಳಿಗೆ ಆಳುಗಳನ್ನು ಕರೆತರುತ್ತಿದ್ದವನು ಮೇಸ್ತ್ರಿ. ಬಯಲುಸೀಮೆಯ ಹಳ್ಳಿಗೆ ಬಂದು, ಮುಂಗಡ ಹಣ ಕೊಟ್ಟು, ಆಳುಗಳನ್ನು ಗಟ್ಟಿಮಾಡಿಕೊಂಡು ಹೋಗುತ್ತಿದ್ದ. ಮುಂಗಡ ಪಡೆದವನು ಕೆಲಸ ಬಿಟ್ಟರೆ 1859ರ ಕರಾರು ಉಲ್ಲಂಘನೆ ಕಾಯ್ದೆಯಡಿ ಅವನಿಗೆ ಶಿಕ್ಷೆಯಾಗಬಹುದಿತ್ತು. ಹಣ ಕೊಟ್ಟವನ ಕೈಯಲ್ಲಿ ಜೈಲಿನ ಬೆದರಿಕೆ ಇರುವಾಗ ದುಡಿಯುವವನ ನಂಬಿಕೆ ಯಾರಿಗೆ ಬೇಕು? ಆ ಕಾಯ್ದೆ 1925ರಲ್ಲಿ ರದ್ದಾಯಿತು. ಜೀತ ಪದ್ಧತಿ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಸರ್ಕಾರದ ಉದ್ಯೋಗ ವಿನಿಮಯ ಕೇಂದ್ರಗಳು ಈ ನಡುವೆ ಬಂದವು. ಎರಡನೆಯ ಮಹಾಯುದ್ಧ ಮುಗಿಸಿ ಮರಳಿದ ಸೈನಿಕರಿಗಾಗಿ 1945ರಲ್ಲಿ ಆರಂಭವಾಗಿ, 1948ರಲ್ಲಿ ಎಲ್ಲರಿಗೂ ತೆರೆದವು.

ಹಾಗಾದರೆ ಇಂದಿನ ಸಲಹೆಗಾರರು ಎರಡೂ ಕಡೆಯ ವಿಶ್ವಾಸ ಗಳಿಸುವುದು ಹೇಗೆ? ನಯವಾದ ಮಾತಿನಿಂದ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಕಸುಬಿನ ಒಳಗನ್ನು ತಿಳಿದು ಸರಿಯಾದ ಪ್ರಶ್ನೆ ಕೇಳುವುದರಿಂದ, ಮತ್ತು ಸಿಕ್ಕ ಉತ್ತರವನ್ನು ಯಾವ ಕಡೆಗೂ ಮುಚ್ಚಿಡದೆ ಹೇಳುವುದರಿಂದ. ಇದನ್ನು ತಿಳಿಯಲು ಚಳ್ಳಕೆರೆಯಿಂದ ಪಕ್ಕದ ತಾಲ್ಲೂಕಾದ ಮೊಳಕಾಲ್ಮೂರಿಗೆ ಹೋಗೋಣ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ನಿಮಗೆ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಬೆಂಗಳೂರಿನ ಒಬ್ಬ ರೇಷ್ಮೆ ವ್ಯಾಪಾರಿ ಕೈಮಗ್ಗದ ಘಟಕ ಹಾಕುತ್ತಿದ್ದಾರೆ. ‘ಹತ್ತು ವರ್ಷ ಅನುಭವವುಳ್ಳ ನೇಕಾರರು ಬೇಕು’ ಎಂದು ಸಲಹೆಗಾರರಿಗೆ ಬರೆಯುತ್ತಾರೆ. ಕಸುಬು ತಿಳಿಯದ ಸಲಹೆಗಾರ ಮೊಳಕಾಲ್ಮೂರಿಗೆ ಬಂದು ‘ನೇಯಲು ಬರುತ್ತದೆಯೇ?’ ಎನ್ನುತ್ತಾನೆ. ಬರುತ್ತದೆ ಎನ್ನದ ನೇಕಾರರು ಯಾರು?

ತಿಳಿದವರ ಪ್ರಶ್ನೆಗಳೇ ಬೇರೆ. ಒಂದೇ ಲಾಳಿಯ ಸೀರೆಯೋ, ಒಡಲಿಗೊಂದು ಬಣ್ಣ ಅಂಚಿಗೊಂದು ಬಣ್ಣ ಬರುವಂತೆ ಮೂರು ಲಾಳಿಯಲ್ಲಿ ನೇಯ್ದು ಅಭ್ಯಾಸವಿದೆಯೋ? ಜಕಾರ್ಡಿನಲ್ಲಿ ಎಳೆ ತಪ್ಪಿದರೆ ನೀವೇ ಸರಿಪಡಿಸಿಕೊಳ್ಳುತ್ತೀರೋ, ಬೇರೆಯವರು ಬರಬೇಕೋ? ಮನೆಯಲ್ಲಿ ಕಂಡಿಕೆ ಸುತ್ತಿಕೊಡುವವರು ಯಾರು? ಈ ಕೊನೆಯ ಪ್ರಶ್ನೆ ಬಹಳ ದೊಡ್ಡದು. ಮಗ್ಗದಲ್ಲಿ ಕೂತವರು ಒಬ್ಬರಾದರೂ ಸೀರೆ ಒಬ್ಬರ ಕೆಲಸವಲ್ಲ. ಹೆಂಡತಿ, ತಾಯಿ ಕೈ ಹಚ್ಚಿದರೇ ಕೆಲಸ ಸಾಗುವುದು. ನೇಕಾರರೊಬ್ಬರನ್ನೇ ಬೆಂಗಳೂರಿಗೆ ಕರೆದೊಯ್ದರೆ ಅರ್ಧ ಕಾರ್ಖಾನೆಯನ್ನು ಊರಲ್ಲೇ ಬಿಟ್ಟುಹೋದಂತೆ.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ, ಕೇಳದಿದ್ದರೆ ಅನಾಹುತ: ಈಗಿನ ಯಜಮಾನರಿಂದ ಪಡೆದ ಮುಂಗಡ ಎಷ್ಟು ಬಾಕಿ ಇದೆ? ಕೂಲಿಗೆ ನೇಯುವವರಲ್ಲಿ ಮುಂಗಡ ಪಡೆಯುವುದು ಸಾಮಾನ್ಯ. ಅದು ತೀರದೆ ಊರು ಬಿಟ್ಟರೆ ಎರಡನೆಯ ತಿಂಗಳಲ್ಲೇ ತಕರಾರು ಬೆಂಗಳೂರಿನ ಬಾಗಿಲಿಗೆ ಬರುತ್ತದೆ. ಒಳ್ಳೆಯ ಸಲಹೆಗಾರರು ನೇಕಾರರ ಒಪ್ಪಿಗೆ ಪಡೆದು ಇದನ್ನು ವ್ಯಾಪಾರಿಗೆ ಮೊದಲೇ ತಿಳಿಸುತ್ತಾರೆ. ಹಾಗೆಯೇ ವ್ಯಾಪಾರಿಗೆ, ‘ನೀವು ಹೇಳುವ ಕೂಲಿಗೆ ಕುಟುಂಬ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಬದುಕಲಾಗದು, ಮನೆ ಕೊಡಿ, ಇಲ್ಲವೆ ಮಗ್ಗವನ್ನೇ ಮೊಳಕಾಲ್ಮೂರಿನಲ್ಲಿ ಹಾಕಿ’ ಎನ್ನುತ್ತಾರೆ. ಎರಡನೆಯ ಸಲಹೆಯನ್ನು ವ್ಯಾಪಾರಿ ಒಪ್ಪಿದರೆ ಸಲಹೆಗಾರರ ಶುಲ್ಕಕ್ಕೇ ಕುತ್ತು ಬರಬಹುದು. ಆದರೆ ಆ ವ್ಯಾಪಾರಿ ಮುಂದಿನ ಸಲ ಮತ್ತೆ ಹುಡುಕುವುದು ಅವರನ್ನೇ.

ಕುಶಲಕರ್ಮಿಗಳನ್ನು ದೂರದಿಂದ ಕರೆಸುವುದು ಈ ತಾಲ್ಲೂಕಿಗೆ ಹೊಸದೇನಲ್ಲ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ, ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಆತ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ. ತನಗೆ ಎರಡು ಲಿಪಿ ಬರುತ್ತದೆ ಎನ್ನುವುದಕ್ಕೆ ಕೆಲಸದ ಮೇಲೆಯೇ ಸಾಕ್ಷಿ ಬಿಟ್ಟುಹೋದ ಪುಣ್ಯಾತ್ಮ!

ನಾವು ದೂರದರ್ಶನದವರೂ ಒಂದು ಬಗೆಯಲ್ಲಿ ಇದೇ ಕೆಲಸ ಮಾಡುವವರು. ಮಾತುಕತೆಯ ಕಾರ್ಯಕ್ರಮಕ್ಕೆ ಒಬ್ಬ ಭೂವಿಜ್ಞಾನಿಯನ್ನು ಕರೆಯಬೇಕಾದರೆ, ಅವರ ವಿಷಯವನ್ನು ನಾನು ಒಂದಿಷ್ಟಾದರೂ ಓದಿಕೊಂಡಿದ್ದೇನೆ ಎಂದು ಅವರಿಗೆ ಮೊದಲ ಐದು ನಿಮಿಷದಲ್ಲಿ ಗೊತ್ತಾಗಬೇಕು. ಇಲ್ಲದಿದ್ದರೆ ‘ಬಿಡುವಿಲ್ಲ’ ಎಂದುಬಿಡುತ್ತಾರೆ.

ಮತ್ತೆ ಚಳ್ಳಕೆರೆಗೆ ಬರೋಣ, ಏಕೆಂದರೆ ನಿಮಗೆ ಹತ್ತಿರದ ವಿಷಯ ಅಲ್ಲಿದೆ. ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆತು, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಡಿ.ಆರ್.ಡಿ.ಒ. ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಇಸ್ರೋ ಮತ್ತು ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಭೂಮಿ ನೀಡಲಾಯಿತು. ಇದು ದನ-ಕುರಿ ಮೇಯುತ್ತಿದ್ದ ಅಮೃತ ಮಹಲ್ ಕಾವಲಿನ ನೆಲ. ತಕರಾರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಮೇವಿನ ನೆಲ ಹೋದವರ ಮಕ್ಕಳು ‘ಅಲ್ಲಿ ನಮಗೊಂದು ಕೆಲಸ’ ಎಂದು ಆಸೆ ಪಡುವುದು ಸಹಜ.

ಆ ಆಸೆ ಇರುವ ಕಡೆಯಲ್ಲೇ ಎಚ್ಚರವೂ ಬೇಕು. ಇಂಥ ಸರ್ಕಾರಿ ಸಂಸ್ಥೆಗಳ ಕಾಯಂ ಹುದ್ದೆಗೆ ಬಹಿರಂಗ ಪ್ರಕಟಣೆಯೇ ದಾರಿ. ಡಿ.ಆರ್.ಡಿ.ಒ.ದ ತಾಂತ್ರಿಕ ಹುದ್ದೆಗಳಿಗೆ ಅದರದೇ ಆದ ‘ಸೆಪ್ಟಾಮ್’ ಎಂಬ ಕೇಂದ್ರ, ಇಸ್ರೋಗೆ ಅದರದೇ ಕೇಂದ್ರೀಕೃತ ನೇಮಕಾತಿ ಮಂಡಳಿ ಇದೆ. ‘ಒಳಗೆ ನಮ್ಮವರಿದ್ದಾರೆ, ಇಷ್ಟು ಕೊಡಿ’ ಎಂದವನು ಸಲಹೆಗಾರನಲ್ಲ, ಮೋಸಗಾರ. ಖಾಸಗಿ ಗುತ್ತಿಗೆದಾರರ ಮೂಲಕ ಸಿಗುವ ಕೆಲಸಗಳು ಬೇರೆ. ಆಗ ಕೇಳಿ: ನನ್ನ ಸಂಬಳ ಕೊಡುವವರು ಯಾರು, ನೇಮಕ ಪತ್ರದಲ್ಲಿ ಯಾರ ಹೆಸರಿರುತ್ತದೆ, ಗುತ್ತಿಗೆ ಎಷ್ಟು ತಿಂಗಳದು, ಭವಿಷ್ಯ ನಿಧಿ ಕಟ್ಟುತ್ತಾರೆಯೇ? ಉತ್ತರ ಗೊತ್ತಿಲ್ಲದಿದ್ದರೆ ‘ವಿಚಾರಿಸಿ ಹೇಳುತ್ತೇನೆ’ ಎಂದು ಹೋಗಿ, ನಿಜವಾಗಿ ವಿಚಾರಿಸಿ ಹೇಳಿದವರನ್ನು ಗುರುತಿಟ್ಟುಕೊಳ್ಳಿ.

ಹಣದ ವಿಷಯದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆ ಸ್ಪಷ್ಟವಾಗಿದೆ: ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದು, ವಿನಾಯಿತಿಗಳು ತೀರ ಕಡಿಮೆ. ನಮ್ಮಲ್ಲಿ ವಿದೇಶದ ಕೆಲಸಕ್ಕೆ ಜನ ಕಳಿಸುವವರು 1983ರ ವಲಸೆ ಕಾಯ್ದೆಯಂತೆ ನೋಂದಣಿ ಪಡೆದಿರಬೇಕು. ಅವರು ಪಡೆಯುವ ಶುಲ್ಕಕ್ಕೂ ಮಿತಿ ಇದೆ.

ನಿಮ್ಮ ಬಯೋಡಾಟಾ ಕೂಡ ಒಂದು ಪರೀಕ್ಷೆಯೇ. ನಿಮ್ಮನ್ನು ಕೇಳದೆ ಅದನ್ನು ಹತ್ತು ಕಂಪನಿಗೆ ಹಂಚುವವರಿದ್ದಾರೆ. ಈಗಾಗಲೇ ಕೆಲಸದಲ್ಲಿದ್ದವರಿಗೆ ಇದರಿಂದ ಇರುವ ಕೆಲಸವೂ ಹೋಗಬಹುದು. ಪ್ರತಿ ಸಲವೂ ಯಾವ ಕಂಪನಿಗೆ ಕಳಿಸುತ್ತೇನೆ ಎಂದು ಹೇಳಿ ಒಪ್ಪಿಗೆ ಪಡೆಯುವವರು ಕಸುಬುದಾರರು. ಆಯ್ಕೆಯಾಗದಿದ್ದಾಗಲೂ ಕಾರಣ ತಿಳಿಸಲು ಫೋನ್ ಮಾಡುವವರು ಇನ್ನೂ ಅಪರೂಪ. ಆ ಕರೆಯಿಂದ ಅವರಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಮೂರು ತಿಂಗಳ ಕರಾರಿನ ಮಾತು ಆಗಲೇ ಬಂತಲ್ಲ. ಆ ಅವಧಿ ಮುಗಿಯುವವರೆಗೆ ‘ಹೇಗಿದ್ದೀರಿ, ಹೊಂದಿಕೆಯಾಯಿತೇ?’ ಎಂದು ಅನೇಕ ಸಲಹೆಗಾರರು ವಿಚಾರಿಸುತ್ತಾರೆ, ಶುಲ್ಕ ಉಳಿಯಬೇಕಲ್ಲ! ನಾಲ್ಕನೆಯ ತಿಂಗಳಲ್ಲಿ ಫೋನ್ ಬಂದರೆ ಅದು ಬೇರೆ ಲೆಕ್ಕ. ಅಂಥ ಕರೆ ಮಾಡುವವರಿಗೆ ಮುಂದಿನ ಅಭ್ಯರ್ಥಿಯ ಹೆಸರನ್ನು ಅನೇಕ ವೇಳೆ ಹೇಳುವವರು ಆಗ ಕೆಲಸಕ್ಕೆ ಸೇರಿದವರೇ: ‘ನನ್ನ ಜೊತೆ ಡಿಪ್ಲೊಮಾ ಓದಿದ ಒಬ್ಬಳಿದ್ದಾಳೆ, ಕೆಲಸ ಚೆನ್ನಾಗಿ ಗೊತ್ತು, ಮಾತು ಸ್ವಲ್ಪ ಕಡಿಮೆ. ಒಮ್ಮೆ ಮಾತಾಡಿಸಿ ನೋಡಿ.’